ಸ್ವಲ್ಪ ಪಕ್ಕಕ್ಕೆ ಬರ್ತೀರಾ ಸಾರ್?

ಹೋದ ತಿಂಗಳು ಒಂದು ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದೆ. ಹಾಸ್ಟೆಲ್ ಹುಡುಗರ ಸ್ಕಾಲರ್‌ಶಿಪ್ ವಿಚಾರಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ಪ್ಲಾಟ್‌ಫಾರಂ ಕೊನೆಯಲ್ಲಿ ಮೂವರು ಹುಡುಗರು ಕ್ಯಾಮೆರಾ ಹಿಡ್ಕೊಂಡು ಕಾಯ್ತಾ ಇದ್ರು. ಬೆನ್ನಿಗೆ ಬ್ಯಾಗು, ಒಬ್ಬನ ಕೈಯಲ್ಲಿ ನೋಟ್‌ಬುಕ್ಕು. ರೈಲು ಹತ್ತೋಕೆ ಬಂದವರಲ್ಲ, ರೈಲು ನೋಡೋಕೆ ಬಂದವರು. ಅವರಿಗೆ ರೈಲ್‌ಫ್ಯಾನ್ ಅಂತಾರಂತೆ.

ದೂರದಲ್ಲಿ ಮೆಮು ಗಾಡಿಯ ಲೈಟು ಕಾಣ್ತು. ಅವರಲ್ಲಿ ಒಬ್ಬ ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದಲೇ ಕೇಳಿದ: "ಸಾರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಲ್ಲಿ ಬರ್ತಿದ್ದೀರಿ."

ಸರಿದೆ. ನನ್ನ ಹಿಂದೆ ಕಸ ಗುಡಿಸ್ತಿದ್ದ ಅಕ್ಕನಿಗೂ ಅದನ್ನೇ ಹೇಳಿದ. ಅವಳೂ ಪರಕೆ ಎತ್ಕೊಂಡು ಕಂಬದ ಹಿಂದೆ ಹೋದಳು. ಗಾಡಿ ಬಂತು. ಹುಡುಗರ ಮುಖದಲ್ಲಿ ಹಬ್ಬ.

ಆ ಹುಡುಗರ ತಪ್ಪೇನೂ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ "ಪಕ್ಕಕ್ಕೆ ಬರ್ತೀರಾ" ಅನ್ನೋ ಮಾತು ನನ್ನ ಎದೆಯಲ್ಲಿ ಇಪ್ಪತ್ತೈದು ವರ್ಷದಿಂದ ಕೂತಿರೋ ಒಂದು ವಿಷಯವನ್ನ ಎಬ್ಬಿಸಿತು. ಅದನ್ನ ಯಾವ ಸಭೆಯಲ್ಲೂ ಹೇಳಿಲ್ಲ. ಇವತ್ತು ಬರೀತೀನಿ. ಅಮ್ಮನನ್ನ ಕೇಳಿಯೇ ಬರೀತಿದ್ದೀನಿ.

ಗೆಳೆಯರೇ, ಅಸಲಿಗೆ ನಾನೂ ರೈಲ್‌ಫ್ಯಾನೇ ಆಗಿದ್ದೆ. ಆ ಹೆಸರು ಗೊತ್ತಿರಲಿಲ್ಲ ಅಷ್ಟೇ.

ನಮ್ಮೂರು ಟೇಕಲ್ ಹತ್ತಿರ. ಕಾಲೋನಿಯಿಂದ ಹಳಿಗೆ ಒಂದು ಕೂಗಳತೆ. ಹನ್ನೊಂದು ಹನ್ನೆರಡು ವಯಸ್ಸಿನಲ್ಲಿ ನನ್ನ ಹತ್ರ ಒಂದು ಹಳೇ ಲೆಕ್ಕದ ಪುಸ್ತಕ ಇತ್ತು, ಅದರ ತುಂಬ ಬೋಗಿ ನಂಬರು. ನಂಬರಿನ ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ ಅಂತ ಗ್ಯಾಂಗ್‌ಮನ್ ಒಬ್ಬರು ಹೇಳಿಕೊಟ್ಟಿದ್ರು. 96 ಅಂತ ಶುರುವಾದ್ರೆ 1996ರಲ್ಲಿ ಹುಟ್ಟಿದ್ದು. ಆಗಿನ್ನೂ ಇಟ್ಟಿಗೆ ಬಣ್ಣದ ಹಳೇ ಬೋಗಿಗಳೂ ನೀಲಿ ಬಣ್ಣದ ಹೊಸಾವೂ ಒಂದೇ ಗಾಡಿಯಲ್ಲಿ ಕಲಸಿಕೊಂಡು ಬರ್ತಿದ್ವು. ನನಗಿಂತ ಚಿಕ್ಕ ಬೋಗಿ ಬಂದ್ರೆ ಏನೋ ಖುಷಿ, ತಮ್ಮ ಹುಟ್ಟಿದ ಹಾಗೆ.

ಈ ಲೈನಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 16 ಕಿ.ಮೀ. ಕವಲು ಹಳಿ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆಜಿಎಫ್ ಚಿನ್ನದ ಗಣಿಗೋಸ್ಕರ ಹಾಕಿದ್ದು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್. ಸ್ಟೇಷನ್ನಿನ ಹೆಸರುಗಳೇ ಗಣಿಯ ಕತೆ ಹೇಳ್ತವೆ. ನೆಲದೊಳಗೆ ಇಳಿದವರಲ್ಲಿ ಹೆಚ್ಚಿನವರು ನಮ್ಮವರು, ಉತ್ತರ ಆರ್ಕಾಟು ಚಿತ್ತೂರು ಕಡೆಯಿಂದ ಬಂದ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದ ಈ ರೈಲೇ ಗಣಿಯಾಯ್ತು. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವ ಕತ್ತಲಲ್ಲಿ ಗಾಡಿ ಹತ್ತೋದು, ಸುಮಾರು 85 ಕಿ.ಮೀ. ದಾಟಿ ಬೆಂಗಳೂರಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಡೆಲಿವರಿ ಕೆಲಸ ಮಾಡೋದು, ರಾತ್ರಿ ಕತ್ತಲಲ್ಲಿ ಇಳಿಯೋದು. ನಡುವೆ ಟೇಕಲ್, ಮಾಲೂರಿನಲ್ಲಿ ನಮ್ಮಂಥ ಹಳ್ಳಿಯವರೂ ಸೇರ್ಕೊತಾರೆ.

ನಮ್ಮಮ್ಮ ಮೊದಲು ವೈಟ್‌ಫೀಲ್ಡ್ ಕಡೆ ಗಾರೆ ಕೆಲಸಕ್ಕೆ ಹೋಗ್ತಿದ್ದಳು. 1997ರ ಹೊತ್ತಿಗೆ "ಸ್ಟೇಷನ್ನಲ್ಲಿ ಕೆಲಸ ಸಿಕ್ತು" ಅಂದಳು. ಯಾವ ಕೆಲಸ ಅಂತ ಹೇಳಲಿಲ್ಲ. ನಾನು ಶಾಲೆಯಲ್ಲಿ "ನಮ್ಮಮ್ಮ ರೈಲ್ವೇಲಿ ಇದಾಳೆ" ಅಂತ ಎದೆ ಉಬ್ಬಿಸಿಕೊಂಡು ಹೇಳ್ತಿದ್ದೆ. ನನ್ನ ಕಲ್ಪನೆಯಲ್ಲಿ ಅವಳು ಹಸಿರು ಬಾವುಟ ಹಿಡಿದು ನಿಂತಿರ್ತಿದ್ದಳು.

ಒಂದು ದಿನ ಶಾಲೆ ತಪ್ಪಿಸಿ, ಎಲೆಕ್ಟ್ರಿಕ್ ಇಂಜಿನ್ನನ್ನ ಹತ್ತಿರದಿಂದ ನೋಡ್ಬೇಕು ಅಂತ ಟಿಕೆಟ್ ಇಲ್ಲದೆ ಗಾಡಿ ಹತ್ತಿದೆ. ದೊಡ್ಡ ಸ್ಟೇಷನ್ನೊಂದರಲ್ಲಿ ಇಳಿದೆ. ಯಾವ ಸ್ಟೇಷನ್ ಅನ್ನೋದು ಬೇಡ. ಆ ಮೂವರು ಹುಡುಗರು ನಿಂತಿದ್ರಲ್ಲ, ಹಾಗೇ ಪ್ಲಾಟ್‌ಫಾರಂ ತುದಿಗೆ ಹೋಗಿ ಪುಸ್ತಕ ತೆಗೆದೆ. ಒಂದು ಎಕ್ಸ್‌ಪ್ರೆಸ್ ಆಗಷ್ಟೇ ಹೊರಟಿತ್ತು. ಅದು ಬಿಟ್ಟುಹೋದ ಹಳಿಯ ಮೇಲೆ ಇಬ್ಬರು ಹೆಂಗಸರು ಇಳಿದಿದ್ರು. ಒಬ್ಬಳ ಕೈಯಲ್ಲಿ ನೀರಿನ ಪೈಪು, ಇನ್ನೊಬ್ಬಳ ಕೈಯಲ್ಲಿ ಪರಕೆ, ತಗಡು. ಬರೀ ಕೈ. ಕಾಲಿಗೆ ಹವಾಯಿ ಚಪ್ಪಲಿ.

ನಿಮಗೆ ನೆನಪಿರಬಹುದು, ಆಗ ಬೋಗಿಯ ಕಕ್ಕಸು ಅಂದ್ರೆ ಹಳಿಗೆ ತೆರೆದುಕೊಂಡ ಒಂದು ತೂತು. ಗಾಡಿ ನಿಂತಾಗ ಬಳಸಬೇಡಿ ಅಂತ ಒಳಗೆ ಬೋರ್ಡಿರ್ತಿತ್ತು. ಆ ಬೋರ್ಡನ್ನ ಯಾರು ಓದ್ತಿದ್ರು? ಕೆಳಗೆ ಇಳಿಯೋರು ಇದಾರಲ್ಲ.

ಪರಕೆ ಹಿಡಿದವಳು ತಲೆ ಎತ್ತಿದಳು. ಅಮ್ಮ.

ಅವಳು ನನ್ನನ್ನ ನೋಡಿದಳು ಅಂತ ನನಗನ್ನಿಸ್ತು. ಮರುಕ್ಷಣ ಸೆರಗನ್ನ ಮುಖಕ್ಕೆ ಎಳ್ಕೊಂಡು ಆ ಕಡೆ ತಿರುಗಿದಳು. ನಾನೂ ತಿರುಗಿದೆ. ಯಾರೋ ಅನ್ನೋ ಹಾಗೆ ನಡೆದುಬಿಟ್ಟೆ. ಮುಂದಿನ ಗಾಡಿ ಹತ್ತಿ ಊರಿಗೆ ಬಂದೆ. ರಾತ್ರಿ ಅಮ್ಮ ಬಂದಳು, ಮೈ ತೊಳ್ಕೊಂಡಳು, ಮುದ್ದೆ ಹಾಕಿದಳು. ಅವಳೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುಸ್ತಕದಲ್ಲಿ ಆಮೇಲೆ ಒಂದು ನಂಬರನ್ನೂ ಬರೀಲಿಲ್ಲ.

ಮುಂದೆ ನಾನು ಸಂಘಟನೆಗೆ ಬಂದೆ. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರ ಬಗ್ಗೆ ಓದಿದೆ. ಅವರ ಮನೆಯವರೂ ಅಲ್ಲಿನ ಒಣ ಕಕ್ಕಸು ಬಳಿಯುವ ಕೆಲಸ ಮಾಡಿದವರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪಡೆದವರು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯನ್ನ ನಾನೇ ಎಷ್ಟೋ ಊರಲ್ಲಿ ಓದಿ ಹೇಳಿದ್ದೀನಿ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ರೈಲು ಹಳಿಯೂ ಇದೆ. ಆದರೆ ಸಲಕರಣೆ, ರಕ್ಷಣಾ ಸಾಮಗ್ರಿ ಕೊಟ್ಟು ಮಾಡಿಸಿದ್ರೆ ಅದು ಮಲ ಹೊರೋದು ಅಲ್ಲ ಅಂತಾನೂ ಅದರಲ್ಲೇ ಬರೆದಿದೆ. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಳಿಯ ಮೇಲಿನ ಈ ಕೆಲಸಕ್ಕೆ ಕಾಲಮಿತಿಯೊಳಗೆ ಕೊನೆ ಹಾಡಿ ಅಂತ ರೈಲ್ವೆಗೆ ಹೇಳಿತು. ಎಲ್ಲ ಗೊತ್ತು ನನಗೆ. ಭಾಷಣ ಮಾಡ್ತೀನಿ. ಆದರೆ ಆ ದಿನ ಅಮ್ಮನನ್ನ ಫ್ರೇಮಿನಿಂದ ಪಕ್ಕಕ್ಕೆ ಸರಿಸಿದವನು ನಾನೇ.

ಮತ್ತೆ ಬಂಗಾರಪೇಟೆಗೆ ಬರ್ತೀನಿ. ನಾನು ಹತ್ತಿದ ಬೋಗಿಗೇ ಆ ಹುಡುಗರೂ ಹತ್ತಿದ್ರು. ಮಾತಿಗೆ ಕೂತೆ. ಎಷ್ಟು ತಿಳ್ಕೊಂಡಿದಾರೆ ಗೊತ್ತಾ! ಈ ಹೊಸ ಮೆಮು ಥ್ರೀ ಫೇಸು, ಬ್ರೇಕ್ ಹಾಕಿದಾಗ ಹುಟ್ಟೋ ಕರೆಂಟು ವಾಪಸ್ ತಂತಿಗೆ ಹೋಗುತ್ತೆ ಅಂತ ವಿವರಿಸಿದ್ರು. ಮುಂಬೈಯಲ್ಲಿ 1925ರಲ್ಲಿ ಶುರುವಾದ ಡಿಸಿ ಕರೆಂಟಿನ ಲೋಕಲ್ 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಲೈನಿನಲ್ಲಿ ಕೊನೇ ಸಲ ಓಡಿದಾಗ ಜನ ಹೇಗೆ ವಿದಾಯ ಹೇಳಿದ್ರು ಅಂತ, ತಾವೇ ಅಲ್ಲಿದ್ದ ಹಾಗೆ ಹೇಳಿದ್ರು. ಪೆರಂಬೂರಿನ ಐಸಿಎಫ್ ಹಳೇ ಮಾದರಿಯ ಬೋಗಿ ಮಾಡೋದನ್ನ 2018ರಲ್ಲಿ ನಿಲ್ಲಿಸ್ತು ಅನ್ನುವಾಗ ಒಬ್ಬನ ದನಿ ನಿಜವಾಗಿಯೂ ಸಣ್ಣಗಾಯ್ತು.

"ಹಳೇ ಬೋಗಿಗಳು ಏನಾಗ್ತವೆ?" ಅಂದೆ.

"ಅವುಕ್ಕೆ 25 ವರ್ಷ ಆಯಸ್ಸು ಸಾರ್. ಕೆಲವನ್ನ ಕಾರು ಸಾಗಿಸೋ ಗೂಡ್ಸ್ ಮಾಡ್ತಾರೆ. ಸೀಟು ಕಿತ್ತು, ಕಿಟಕಿ ಮುಚ್ಚಿ. ಉಳಿದದ್ದು ಗುಜರಿ."

ಅಮ್ಮ ಕೂತು ಬಂದ ಬೋಗಿಯಲ್ಲಿ ಈಗ ಕಾರು ಕೂತು ಹೋಗ್ತಿರಬಹುದು. ಕೂತು ಅಂತ ಬಾಯಿಗೆ ಬಂತು ಅಷ್ಟೇ. ಅಮ್ಮ ಕೂತಿದ್ದು ಬಾಗಿಲ ಹತ್ರ ನೆಲದ ಮೇಲೆ. ಇಸ್ಪೀಟಿನವರು, ಭಜನೆಯವರು, ಎಲ್ಲರಿಗೂ ಅವರವರ ಸೀಟಿತ್ತು. "ಯಾವೂರಮ್ಮ, ಊರಲ್ಲಿ ಎಲ್ಲಿ ಮನೆ?" ಅಂತ ಕೇಳಿದ ಮೇಲೆ ಪಕ್ಕದಲ್ಲಿ ಜಾಗ ಇದ್ರೂ ಇರ್ತಿರಲಿಲ್ಲ.

ಬೋಗಿಗೆ 25 ವರ್ಷ ತುಂಬಿದ್ರೆ ಅಭಿಮಾನಿಗಳು ಬರ್ತಾರೆ, ವಿಡಿಯೋ ಮಾಡ್ತಾರೆ, ಕಣ್ಣೀರೂ ಹಾಕ್ತಾರೆ. ಅಮ್ಮ 11 ವರ್ಷ ಹಳಿ ತೊಳೆದಳು. ಕಂಟ್ರಾಕ್ಟರ್ ಬದಲಾದ ದಿನ "ನಾಳೆಯಿಂದ ಬರಬೇಡ" ಅಂದ್ರು. ಪಿಎಫ್ ಇಲ್ಲ, ಒಂದು ಚೀಟಿ ಇಲ್ಲ. ಅವಳು ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಅಂದ್ರೆ ಅವಳ ಬೆರಳ ಸಂದಿಯ ಕಲೆ ಮಾತ್ರ. ಆಮೇಲೆ ಮನೆಗೆಲಸಕ್ಕೆ ಹೋದಳು. 2009ರಲ್ಲಿ ಬಡವರಿಗೆ ಅಂತ 25 ರೂಪಾಯಿ ತಿಂಗಳ ಪಾಸು ಬಂತಲ್ಲ, ಅದರ ಹೆಸರು "ಇಜ್ಜತ್". ಇಜ್ಜತ್ ಅಂದ್ರೇನು ಅಂತ ಅಮ್ಮ ಕೇಳಿದ್ದಳು. ಮರ್ಯಾದೆ ಅಂದೆ. "25 ರೂಪಾಯ್ಗೆ ಪರವಾಗಿಲ್ಲ" ಅಂತ ನಕ್ಕಿದ್ದಳು.

ಆ ಹುಡುಗರಿಗೆ ಇದೆಲ್ಲ ಹೇಳಿಬಿಟ್ಟೆ. ಬೈಯಬೇಕು ಅಂತ ಬಾಯಿ ತೆರೆದಿದ್ದು, ಬಂದದ್ದು ಅಮ್ಮನ ಕತೆ. ಮೂವರೂ ಸುಮ್ಮನಾದ್ರು. ಇಳಿಯುವಾಗ ನೋಟ್‌ಬುಕ್ಕಿನವನು ನನ್ನ ನಂಬರ್ ಇಸ್ಕೊಂಡ.

ಒಂದು ವಾರದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅವರ ಅಣ್ಣನೂ ಇದೇ ಹುಚ್ಚಿನವರಂತೆ, 2007ರಲ್ಲಿ ತೆಗೆದದ್ದು. ನೀಲಿ ಬೋಗಿಗಳ ಸಾಲು, ಬೆಳಗಿನ ಬಿಸಿಲು, ಚೆಂದದ ಚಿತ್ರ. ಕೆಳಗಿನ ಮೂಲೆಯಲ್ಲಿ, ಪಕ್ಕದ ಹಳಿಯಲ್ಲಿ, ಬಗ್ಗಿರೋ ಇಬ್ಬರು ಹೆಂಗಸರು. ಜೊತೆಗೊಂದು ಮೆಸೇಜು: "ಸಾರ್, ಎಲ್ಲರಿಗೂ ಕಳಿಸುವಾಗ ಈ ಮೂಲೆ ಕತ್ತರಿಸಿ ಕಳಿಸಿದ್ವಿ. ಇದು ಪೂರ್ತಿ ಫೋಟೋ. ನಿಮ್ಮ ತಾಯಿ ಇದಾರಾ ನೋಡಿ."

ಊರಿಗೆ ಹೋಗಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ದೊಡ್ಡದು ಮಾಡಿಸಿ ನೋಡಿದಳು. "ನಾನಲ್ಲ ನೈನಾ. ಇವಳು ಮಾಲೂರಿನೋಳು, ಬಾಯಿ ಜೋರು. ಒಂದಿನ ಗ್ಲೌಸು ಕೊಡಿ ಅಂತ ಜಗಳ ಮಾಡಿ ಕೆಲಸ ಕಳ್ಕೊಂಡಳು. ಹೋಗ್ಬಿಟ್ಟಳು ಪಾಪ, ಮೂರು ವರ್ಷ ಆಯ್ತು." ಫೋಟೋದ ಮೇಲೆ ಬೆರಳು ಇಟ್ಕೊಂಡೇ ಕೂತಿದ್ದಳು.

ಆಗ ಕೇಳಿದೆ, ಆ ದಿನದ ಬಗ್ಗೆ. ಅಮ್ಮ, ಅವತ್ತು ನಾನು ನಿನ್ನ ನೋಡಿದ್ದೆ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. "ನೀನು ನೋಡ್ಲಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಅದೇ ಒಂದು ಸಮಾಧಾನ ಇತ್ತು."

ಗೆಳೆಯರೇ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಸತ್ಯ ಹೇಳಿ ನಾನು ಹಗುರಾದೆ, ಆದರೆ ಅವಳ ಸಮಾಧಾನವನ್ನ ಕಿತ್ತುಕೊಂಡೆ. ಸರಿ ಮಾಡಿದೆನಾ ಅಂತ ಈಗಲೂ ಗೊತ್ತಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಮಾತು ತೆಗೆದಳು. "ಹೊಸ ಗಾಡೀಲಿ ಕೆಳಗೆ ಬೀಳಲ್ಲವಂತಲ್ಲ?"

ಬಯೋ ಟಾಯ್ಲೆಟ್ ಬಗ್ಗೆ ಹೇಳಿದೆ. ಬೋಗಿಯ ಅಡಿಯಲ್ಲಿ ಟ್ಯಾಂಕು, ಅದರೊಳಗೆ ಬ್ಯಾಕ್ಟೀರಿಯಾ, ಅವು ಮಲವನ್ನ ಕರಗಿಸಿ ನೀರು ಮಾಡ್ತವೆ. ಈಗ ಹೆಚ್ಚುಕಮ್ಮಿ ಎಲ್ಲ ಪ್ಯಾಸೆಂಜರ್ ಬೋಗಿಗಳಿಗೂ ಬಂದಿದೆ. ಅಮ್ಮ ಗಮನವಿಟ್ಟು ಕೇಳಿದಳು.

"ಒಳ್ಳೇದಾಯ್ತು. ಆದ್ರೆ ಜನ ಬಾಟ್ಲಿ, ಬಟ್ಟೆ ಎಲ್ಲಾ ಅದರೊಳಗೇ ಹಾಕ್ತಾರೆ. ಆ ಡಬ್ಬ ಕಟ್ಕೊಂಡ್ರೆ ಯಾರು ಕೈ ಹಾಕ್ತಾರೆ?"

2017ರ ಸಿಎಜಿ ವರದಿ ಈ ಟಾಯ್ಲೆಟ್ಟುಗಳು ಕಟ್ಟಿಕೊಳ್ಳುವ ದೂರುಗಳ ಬಗ್ಗೆ ಬರೆದಿದೆ. ಅದನ್ನ ನಾನು ಓದಿದ್ದೆ. ಅಮ್ಮ ಓದದೇನೇ ಕೇಳಿದಳು. ಹೊಸ ರೈಲು ಅಂದ್ರೆ ನಾವೆಲ್ಲ ಸ್ಪೀಡು, ಎಸಿ, ಬಣ್ಣ ಕೇಳ್ತೀವಿ. ಬೆಂಗಳೂರಿಗೆ 148 ಕಿ.ಮೀ. ಸಬರ್ಬನ್ ರೈಲು ಬರುತ್ತೆ, ನಾಲ್ಕು ದಾರಿಗೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮ್ಮ ಕಡೆ ಬರೋ ಪಾರಿಜಾತ ವೈಟ್‌ಫೀಲ್ಡಿಗೇ ನಿಂತುಬಿಡುತ್ತೆ. ಮಾಲೂರು, ಬಂಗಾರಪೇಟೆ, ಮಾರಿಕುಪ್ಪಂನವರು ಮತ್ತೆ ಅದೇ ತುಂಬಿದ ಗಾಡಿಯ ಬಾಗಿಲಲ್ಲೇ. ಆ ಹೂವಿನ ರೈಲಿನ ಬೋಗಿಯನ್ನಾದರೂ ಯಾರು ತೊಳೀತಾರೆ, ಎಷ್ಟು ಸಂಬಳಕ್ಕೆ, ಪಿಎಫ್ ಇರುತ್ತಾ, ಗ್ಲೌಸು ಇರುತ್ತಾ? ಇದನ್ನ ನಾವು ಈಗಲೇ ಕೇಳ್ಬೇಕು. ಗಾಡಿ ಓಡೋಕೆ ಶುರುವಾದ ಮೇಲಲ್ಲ.

ಕೊನೆಗೆ ರೈಲ್‌ಫ್ಯಾನ್ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ನಿಮ್ಮ ಪ್ರೀತಿ ಸುಳ್ಳಲ್ಲ. ರೈಲನ್ನ ಪ್ರೀತಿಸೋದು ಎಂಥದ್ದು ಅಂತ ನನಗೆ ಗೊತ್ತು. ನಿಮ್ಮ ಹಾರ್ಡ್ ಡಿಸ್ಕುಗಳಲ್ಲಿ ಇಪ್ಪತ್ತು ವರ್ಷದ ಫೋಟೋಗಳಿವೆ. ಯಾವ ಕಂಟ್ರಾಕ್ಟರ್ ಲೆಡ್ಜರಿನಲ್ಲೂ ಇಲ್ಲದ ನಮ್ಮ ತಾಯಂದಿರು ಅದರ ಮೂಲೆಗಳಲ್ಲಿ ಇದಾರೆ. ದಯವಿಟ್ಟು ಕತ್ತರಿಸಬೇಡಿ. ತಾರೀಕು, ಸ್ಟೇಷನ್ನು, ಬೋಗಿ ನಂಬರು ನೀವು ಹೇಗೂ ಬರೆದಿಟ್ಟಿರ್ತೀರಿ. ಕೆಲಸ ಮಾಡಿದ್ದಕ್ಕೆ ಸಾಕ್ಷಿಯೇ ಇಲ್ಲದ ಹೆಂಗಸರಿಗೆ ಅದೇ ಸಾಕ್ಷಿ ಆಗಬಹುದು. ಸಿಕ್ಕರೆ ನನಗೆ ಕಳಿಸಿ. ಮುಖ ಕಾಣೋ ಫೋಟೋಗಳನ್ನ ಅವರನ್ನ ಅಥವಾ ಅವರ ಮನೆಯವರನ್ನ ಕೇಳದೆ ಎಲ್ಲೂ ಹಾಕಲ್ಲ. ಅದಕ್ಕೇ ಆ 2007ರ ಫೋಟೋ ಇಲ್ಲಿಲ್ಲ. ಮಾಲೂರಿನ ಆ ಅಕ್ಕನ ಮನೆ ಹುಡುಕ್ತಾ ಇದ್ದೀನಿ. ಮೊದಲು ಅವರ ಮಕ್ಕಳು ನೋಡಲಿ.

ಆ ಹುಡುಗ ನಿನ್ನೆ ಮತ್ತೆ ಮೆಸೇಜು ಮಾಡಿದ್ದ. ಬಂಗಾರಪೇಟೆಯಲ್ಲಿ ಕಸ ಗುಡಿಸ್ತಿದ್ದ ಅಕ್ಕನನ್ನ ಮಾತಾಡಿಸಿದನಂತೆ. "ಫೋಟೋ ತೆಗೀಲಾ ಅಂತ ಕೇಳ್ದೆ ಸಾರ್. ಬೇಡ ಅಂದ್ರು, ಸಂಬಳ ಎರಡು ತಿಂಗಳಿಂದ ಬಂದಿಲ್ಲ ಅದನ್ನ ಬರ್ಕೊ ಅಂದ್ರು. ಬರ್ಕೊಂಡಿದ್ದೀನಿ."

ಅವನ ನೋಟ್‌ಬುಕ್ಕಿನಲ್ಲಿ, ಬೋಗಿ ನಂಬರುಗಳ ಪಕ್ಕದಲ್ಲಿ. ನಾಡಿದ್ದು ನಾವು ಕೆಲವರು ಆ ಪುಟ ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ತಿದ್ದೀವಿ. ಬರೋರು ಮೆಸೇಜು ಮಾಡಿ.

ಜೈಭೀಮ್.