ತೊಂಬತ್ತೊಂಬತ್ತು ಪೈಸೆಯ ಬಂಗಲೆ

ನನ್ನ ಕಾಲೇಜು ಫೀಸು ಬರುವುದು ಹಳೇ ಮನೆಗಳಿಂದ. ನಮ್ಮ ಅಬ್ಬಾ ಹಳೇ ಮನೆ ಸಾಮಾನಿನ ವ್ಯಾಪಾರಿ. ಯಾವುದಾದರೂ ಬಂಗಲೆ ಕೆಡವುತ್ತಾರೆ ಎಂದು ಗೊತ್ತಾದರೆ ಮಾಲೀಕರ ಹತ್ತಿರ ಮಾತಾಡಿ, ಮುಂಗಡ ಕೊಟ್ಟು, ಬಾಗಿಲು, ಕಿಟಕಿ, ತೊಲೆ, ಹಂಚು, ಗರ್ಡರ್ ಎಲ್ಲವನ್ನೂ ಬಿಚ್ಚಿಸಿ ಗೋಡೌನಿಗೆ ತಂದು ಮಾರುತ್ತಾರೆ. ಮೊದಲು ಲೆಕ್ಕವನ್ನು ಅವರೇ ಉರ್ದುವಿನಲ್ಲಿ ಬರೆಯುತ್ತಿದ್ದರು. ನಾನು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ದಿನದಿಂದ ಪುಸ್ತಕ ನನ್ನ ಕೈಗೆ ಬಂತು.

ಕಳೆದ ದಸರಾ ರಜೆಯಲ್ಲಿ ಫ್ರೇಜರ್ ಟೌನಿನ ಒಂದು ಬಂಗಲೆ ಬಿಚ್ಚುವಾಗ ಹತ್ತು ದಿನ ಅಲ್ಲೇ ಕೂತು ಪಟ್ಟಿ ಬರೆದೆ. ಮನೆಗೆ ಸುಮಾರು ತೊಂಬತ್ತು ವರ್ಷ. ಎರಡು ಮಹಾಯುದ್ಧಗಳ ನಡುವೆ ಕಟ್ಟಿದ್ದು.

ಫ್ರೇಜರ್ ಟೌನ್ ಹುಟ್ಟಿದ ಕಥೆ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಓದಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಇರುವ ಬಡಾವಣೆ ಬೇಕೆಂದು ದಂಡಿನ ಕಡೆ 1906ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರಿಟ್ಟರು. ಇದನ್ನು ಓದಿದ ಮೇಲೆ ಆ ಮನೆ ನನಗೆ ಬೇರೆಯಾಗಿ ಕಂಡಿತು. ಅಷ್ಟೆತ್ತರದ ಗೋಡೆ, ಸೂರಿನ ಹತ್ತಿರ ಹಗ್ಗ ಎಳೆದು ತೆಗೆಯುವ ವೆಂಟಿಲೇಟರ್, ಸುತ್ತ ಬಿಟ್ಟ ಜಾಗ, ಇವೆಲ್ಲ ದೊಡ್ಡಸ್ತಿಕೆಗೆ ಎಂದುಕೊಂಡಿದ್ದೆ. ರೋಗದ ಭಯವೂ ಅದರಲ್ಲಿ ಇದೆ. ಕಿಟಕಿಗಳ ಮೇಲೆ ಚೂಪು ಟೋಪಿಯ ಹಾಗೆ ಮರದ ಪಟ್ಟಿಗಳ ಮಾಡು ಇತ್ತು. ಅದಕ್ಕೆ ಮಂಕಿ ಟಾಪ್ ಎನ್ನುತ್ತಾರೆ. ಬೆಂಗಳೂರಿನ ಬಂಗಲೆಗಳ ಗುರುತೇ ಅದು. ಬಿಸಿಲನ್ನೂ ಮಳೆಯನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ.

ನನ್ನ ಪಟ್ಟಿಯಲ್ಲಿ ಇದು ಯಾವುದೂ ಬರಲಿಲ್ಲ. ತೇಗ ಘನ ಅಡಿಯಲ್ಲಿ, ಗರ್ಡರ್ ಕೆಜಿಯಲ್ಲಿ, ಹಂಚು ಲೆಕ್ಕದಲ್ಲಿ, ಇಟ್ಟಿಗೆ ಸಾವಿರದಲ್ಲಿ. ಅಷ್ಟೇ.

ಆದರೆ ಅಬ್ಬಾ ಜೊತೆ ಕೂತರೆ ಸಾಮಾನು ಮಾತಾಡುತ್ತದೆ. ಹಂಚು ತಿರುಗಿಸಿ ನೋಡು ಎಂದರು. ಹಿಂಭಾಗದಲ್ಲಿ ಕಾಮನ್‌ವೆಲ್ತ್ ಎಂಬ ಅಚ್ಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷರು ಅದನ್ನು ಕಿತ್ತುಕೊಂಡ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಆ ಹೆಸರಿದ್ದರೆ ಹಂಚು ಯುದ್ಧದ ನಂತರದ್ದು ಎಂದೇ ಅರ್ಥ. ಹಿಸ್ಟರಿ ಪುಸ್ತಕದಲ್ಲಿ ನಾನು ಬಾಯಿಪಾಠ ಮಾಡಿದ ಯುದ್ಧ ನಮ್ಮ ಗೋಡೌನಿನಲ್ಲಿ ಧೂಳು ಹಿಡಿದು ಕೂತಿತ್ತು.

ತೇಗ ಬರ್ಮಾದ್ದು. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿತ್ತು. ಗೋಡೆ ಸುಣ್ಣದ ಗಾರೆಯದು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು, ಆದ್ದರಿಂದ ಹಾರೆ ಹಾಕಿದರೆ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಸಿಗುತ್ತದೆ, ಇನ್ನೊಂದು ಮನೆ ಕಟ್ಟಬಹುದು. ಸಿಮೆಂಟಿನ ಗೋಡೆಯಲ್ಲಿ ಮೊದಲು ಒಡೆಯುವುದು ಇಟ್ಟಿಗೆಯೇ. “ಈಗ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ನಾಳೆ ಕೆಡವಿದರೆ ನಮ್ಮಂಥವರಿಗೆ ಸಿಗುವುದು ಬರೀ ರಾಡು, ಧೂಳು. ನಿನ್ನ ಕಾಲಕ್ಕೆ ಈ ವ್ಯಾಪಾರ ಇರಲ್ಲ ಬೇಟಾ, ಅದಕ್ಕೇ ಓದು” ಎನ್ನುತ್ತಾರೆ ಅಬ್ಬಾ.

ಎಂಟನೇ ದಿನ ಒಳಕೋಣೆಯ ಬಾಗಿಲು ಬಿಚ್ಚಿದರು. ಕದದ ಮೇಲಿನ ಅಂಚಿನಲ್ಲಿ ಉಳಿಯಿಂದ ಕೊರೆದ ಒಂದು ಗುರುತು, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಮುಂದಿನ ಬಾಗಿಲಿನಲ್ಲಿ ಅದೇ ವಿ ತಲೆಕೆಳಗಾಗಿ. ಮೇಲೆ ಕೆಳಗೆ ತೋರಿಸುವ ಬಾಣ ಇರಬೇಕು ಎಂದ ಮೇಸ್ತ್ರಿ. ನನಗೆ ನೋಡಿದ ಕೂಡಲೇ ನಗು ಬಂತು. ಅದು ಉರ್ದುವಿನ ಏಳು, ಇದು ಎಂಟು! ಗೋಡೆಯೊಳಗೆ ಹುದುಗಿದ್ದ ಚೌಕಟ್ಟಿನ ತಲೆಯ ಮೇಲೂ ಅದೇ ಏಳು, ಅದೇ ಎಂಟು. ಯಾವ ಕದ ಯಾವ ಚೌಕಟ್ಟಿಗೆ ಎಂದು ಬಡಗಿ ಹಾಕಿಕೊಂಡ ಲೆಕ್ಕ. ಮನೆಯಲ್ಲಿ ಇದ್ದವರು ತೊಂಬತ್ತು ವರ್ಷ ಅದನ್ನು ನೋಡಿರಲಾರರು. ನೋಡಬೇಕಾದರೆ ಬಾಗಿಲು ಬಿಚ್ಚಲೇಬೇಕು. ನಾವೆಲ್ಲ ಇಂಥ ಮನೆಗೆ ಇಂಗ್ಲಿಷರ ಬಂಗಲೆ ಎನ್ನುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ.

ರಜೆ ಮುಗಿದು ಕಾಲೇಜಿಗೆ ಬಂದ ಮೇಲೆ ಅಕೌಂಟೆನ್ಸಿ ಪುಸ್ತಕದ ಸವಕಳಿ ಪಾಠ ಮತ್ತೆ ತೆಗೆದೆ. ಕಾಮರ್ಸ್ ಗೆಳೆಯರೇ, ನೀವೂ ಕ್ಯಾಲ್ಕುಲೇಟರ್ ತೆಗೆಯಿರಿ. ಆದಾಯ ತೆರಿಗೆ ನಿಯಮದಲ್ಲಿ ವಾಸದ ಕಟ್ಟಡಕ್ಕೆ ಇಳಿಕೆ ಶೇಷ ಪದ್ಧತಿಯಲ್ಲಿ ಶೇ. 5 ಸವಕಳಿ. ಆ ದರದಲ್ಲಿ 100 ರೂಪಾಯಿಯ ಮನೆ 90 ವರ್ಷಕ್ಕೆ ಎಷ್ಟಾಗುತ್ತದೆ? ಸುಮಾರು 99 ಪೈಸೆ. ಜಾಗಕ್ಕೆ ಸವಕಳಿ ಇಲ್ಲ, ಅದರ ಬೆಲೆ ಮುಗಿಲಿಗೆ ಹೋಗಿದೆ. ಅಂದರೆ ಪುಸ್ತಕದ ಪ್ರಕಾರ ಆ ಬಂಗಲೆ, ಜಾಗದ ಮೇಲೆ ಬಿದ್ದಿರುವ 99 ಪೈಸೆಯ ಅಡ್ಡಿ.

ಕಾನೂನಿನ ಕಡೆ ನೋಡಿದರೂ ಅಷ್ಟೇ. 1958ರ ಕೇಂದ್ರ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು, ರಾಷ್ಟ್ರೀಯ ಮಹತ್ವವೂ ಬೇಕು. ಕೋಣೆಗಳೂ ಜಗಲಿಯೂ ಇರುವ ಸಾಧಾರಣ ಮನೆಗೆ ಅದು ಎಲ್ಲಿಂದ ಬರಬೇಕು?

ನನಗೆ ಉತ್ತರ ಹೊಳೆದದ್ದು ಗುಡ್‌ವಿಲ್ ಪಾಠದಲ್ಲಿ. ನಡೆಯುತ್ತಿರುವ ಅಂಗಡಿಯನ್ನು ಇಡಿಯಾಗಿ ಕೊಂಡರೆ ಸಾಮಾನಿನ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಕುರ್ಚಿ, ತಕ್ಕಡಿ, ಕಪಾಟು ಬಿಡಿಬಿಡಿಯಾಗಿ ಮಾರಿದರೆ ಆ ಹೆಚ್ಚಿನ ಹಣವಿಲ್ಲ. ಮನೆಯೂ ಹಾಗೇ. ಮಂಕಿ ಟಾಪ್ ಆ ಕಿಟಕಿಯ ಮೇಲಿದ್ದರೆ ನೆರಳು, ನಮ್ಮ ಗೋಡೌನಿನಲ್ಲಿ ಅದು ಮರದ ತುಂಡು. ವೆಂಟಿಲೇಟರ್ ಅಷ್ಟೆತ್ತರದ ಗೋಡೆಯಲ್ಲಿದ್ದರೆ ಬಿಸಿಗಾಳಿ ಹೊರಹೋಗುವ ದಾರಿ, ನಮ್ಮಲ್ಲಿ ಅದು ಎರಡು ಅಡಿಯ ಗಾಜಿನ ಚೌಕಟ್ಟು. ಏಳನೇ ಕದ ಏಳನೇ ಚೌಕಟ್ಟಿನಲ್ಲಿ ಮಾತ್ರ ಸದ್ದಿಲ್ಲದೆ ಮುಚ್ಚುತ್ತದೆ. ಈ ಬೆಲೆಯನ್ನು ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಇದನ್ನು ಅಬ್ಬಾಗೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. “ನಾನು ಕೆಡವದಿದ್ದರೆ ಜೆಸಿಬಿ ಕೆಡವುತ್ತದೆ. ಅದು ಬಾಗಿಲು ಬಿಚ್ಚುವುದಿಲ್ಲ, ಪುಡಿ ಮಾಡುತ್ತದೆ” ಎಂದರು. ಅದೂ ನಿಜ. ಆ ಮನೆಯ ಮಾಲೀಕರನ್ನೂ ನೋಡಿದ್ದೇನೆ. ಅಣ್ಣತಂಗಿಯರು ನಾಲ್ವರು, ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಪ್ರತಿ ಮಳೆಗಾಲ ಹಂಚು ಕೈಯಾಡಿಸಲು ಯಾರು ಬರುತ್ತಾರೆ? ಕೊನೆಯ ದಿನ ಹಿರಿಯವರು ಬಂದು ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದು ಸುತ್ತು ನಡೆದರು. ಆ ನೆಲವನ್ನು ಮಾತ್ರ ಬಿಚ್ಚಿ ಮಾರಲು ಆಗುವುದಿಲ್ಲ.

ಈಗ ನಾನು ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚು ಹಾಕಿದ್ದೇನೆ. ಯಾವ ಮನೆ, ಯಾವ ಕೋಣೆ, ಏನು ಗುರುತು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಇದರಿಂದ ಲಾಭವೇನಿಲ್ಲ, ಅಮ್ಮಿ ಇದಕ್ಕೆ ‘ಕೆಲಸವಿಲ್ಲದ ಕೆಲಸ’ ಎನ್ನುತ್ತಾರೆ.

ಏಳನೇ ಬಾಗಿಲನ್ನು ಹೋದ ತಿಂಗಳು ಒಬ್ಬರು ಕೊಂಡರು. ಅವರ ಹೊಸ ಫ್ಲಾಟಿಗೆ ಅದು ಉದ್ದ ಜಾಸ್ತಿ, ಐದು ಇಂಚು ಕೊಯ್ಯಬೇಕಿತ್ತು. ಬಡಗಿ ಮೇಲಿನ ಅಂಚಿಗೆ ಗೆರೆ ಎಳೆದಿದ್ದ. ಅಬ್ಬಾ ಚಹಾ ಲೋಟ ಕೆಳಗಿಟ್ಟು, “ಕೆಳಗಿಂದ ಕೊಯ್ಯಿ, ಅಲ್ಲಿ ನೀರು ಕುಡಿದು ಹಾಳಾಗಿದೆ” ಎಂದರು. ನಾನು ಹೋಗಿ ನೋಡಿದೆ. ಕೆಳಗಡೆ ಏನೂ ಹಾಳಾಗಿರಲಿಲ್ಲ.