ನಾಗಸಂದ್ರದ ಕೈತೋಟಕ್ಕೆ ಮುಗಿಲೇ ಪಂಚಾಂಗ

ಬೆಂಗಳೂರಿನಿಂದ ತುಮಕೂರಿನ ಹಾದಿ ಹಿಡಿದವರಿಗೆ ಯಶವಂತಪುರ, ಪೀಣ್ಯ, ದಾಸರಹಳ್ಳಿ ದಾಟಿದ ಮೇಲೆ ಸಿಗುವ ಊರು ನಾಗಸಂದ್ರ. 2015ರ ಮೇ 1ರಂದು ಮೆಟ್ರೊ ರೈಲು ಇಲ್ಲಿಗೆ ಬಂತು. 2024ರ ನವೆಂಬರಿನಲ್ಲಿ ಹಳಿ ಮಾದಾವರದವರೆಗೆ ಮುಂದುವರಿಯುವ ತನಕ ಹಸಿರು ಮಾರ್ಗದ ಕೊನೆಯ ನಿಲ್ದಾಣ ಇದೇ ಆಗಿತ್ತು. ಎತ್ತರದ ನಿಲ್ದಾಣದಿಂದ ಕಣ್ಣು ಹಾಯಿಸಿದರೆ ಕೆಳಗೆ ಹೆದ್ದಾರಿಯ ಲಾರಿಗಳ ಸಾಲು, ಆಚೆ ಒಂದಕ್ಕೊಂದು ಒತ್ತಿಕೊಂಡು ನಿಂತ ತಾರಸಿಗಳು. ನೀರಿನ ತೊಟ್ಟಿ, ಒಣಹಾಕಿದ ಬಟ್ಟೆಗಳ ನಡುವೆ ಅಲ್ಲಲ್ಲಿ ಹಸಿರು ಕಾಣುತ್ತದೆ. ಹಳೆಯ ಡ್ರಮ್ಮಿನಲ್ಲಿ ಬದನೆ, ಸಿಮೆಂಟು ಚೀಲದಲ್ಲಿ ದಂಟಿನ ಸೊಪ್ಪು, ಕಬ್ಬಿಣದ ಸಲಾಕೆಗೆ ಹಬ್ಬಿದ ಹೀರೆ ಬಳ್ಳಿ.

ಊರಿನ ಹೆಸರಿನಲ್ಲೇ ನೀರಿದೆ. 'ಸಂದ್ರ' ಎಂಬುದು 'ಸಮುದ್ರ'ದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರವೆನ್ನುವುದು ಈ ಸೀಮೆಯ ವಾಡಿಕೆ. ನೆರೆಯ ಚೊಕ್ಕಸಂದ್ರ, ನಗರದ ಇನ್ನೊಂದು ದಿಕ್ಕಿನ ತಿಪ್ಪಸಂದ್ರ, ಬೊಮ್ಮಸಂದ್ರಗಳೂ ಇದೇ ಬಗೆಯವು. ಕೆರೆಯ ನೀರು, ಮುಂಗಾರಿನ ಮಳೆ ಇವೆರಡನ್ನು ನಂಬಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಕಾಲಕ್ರಮದಲ್ಲಿ ಮೂವತ್ತು-ನಲವತ್ತರ ನಿವೇಶನಗಳಾದವು. ಬಿತ್ತುವ ಆಸೆ ಮಾತ್ರ ತಾರಸಿಯನ್ನೇರಿ ಉಳಿದುಕೊಂಡಿದೆ.

ಆದರೆ ಹೊಲದ ಜೊತೆಗೆ ಹೊರಟುಹೋದ ಒಂದು ವಿದ್ಯೆಯಿದೆ. ಅದು 'ಯಾವಾಗ' ಎಂಬ ವಿದ್ಯೆ. ಅಂಗಡಿಯಲ್ಲಿ ವರ್ಷವಿಡೀ ಎಲ್ಲ ತರಕಾರಿಯೂ ಸಿಗುವುದರಿಂದ, ಯಾವ ಬೀಜವನ್ನು ಯಾವ ದಿನ ಊರಿದರೂ ಆದೀತು ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ನಂಬಿದ್ದಾರೆ. ಬೇಸಿಗೆ ರಜೆ ಬಂದೊಡನೆ ಬೀಜದ ಪೊಟ್ಟಣ ಹಿಡಿದು ಬರುವ ಮೊಮ್ಮಗಳಿಗೆ ಹಳ್ಳಿಯ ಅಜ್ಜಿ ಹೇಳುವ ಮಾತೇ ಬೇರೆ: "ಈಗ ಬ್ಯಾಡ ಕಣವ್ವ, ಭರಣಿ ಹುಯ್ಯಲಿ."

ಆ ಮಾತಿನ ತೂಕ 2024ರ ಮಾರ್ಚಿಯಲ್ಲಿ ಇಡೀ ನಗರಕ್ಕೆ ತಿಳಿಯಿತು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರುಗಳ ಮುಂದೆ ಕೊಡಗಳು ಸಾಲುನಿಂತಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5000 ರೂಪಾಯಿ ದಂಡ. ಕಡು ಬೇಸಿಗೆಯಲ್ಲಿ ಒಂದು ಕುಂಡಕ್ಕೆ ದಿನಕ್ಕೆ ಒಂದು ಲೀಟರಾದರೂ ನೀರು ಬೇಕು. ಮೂವತ್ತು ಕುಂಡವೆಂದರೆ ಎರಡು ಕೊಡ. ಕಾಲ ತಪ್ಪಿ ಬಿತ್ತಿದ ಬೀಜ ಯಾರೋ ಕುಡಿಯಬೇಕಾದ ನೀರಿನಲ್ಲಿ ಪಾಲು ಕೇಳುತ್ತದೆ.

ಮಳೆ ನಕ್ಷತ್ರದ ಲೆಕ್ಕ

"ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಎಂಬ ಗಾದೆಯನ್ನು ಕೇಳಿದ ವಿದ್ಯಾರ್ಥಿ ಇದನ್ನು ಜ್ಯೋತಿಷ್ಯವೆಂದು ತಳ್ಳಿಹಾಕಬೇಕಾಗಿಲ್ಲ. ರೈತರ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ಹಾದಿಯನ್ನು 27 ಪಾಲು ಮಾಡಿದ್ದಾರೆ. 365 ದಿನಗಳನ್ನು 27ರಿಂದ ಭಾಗಿಸಿದರೆ ಒಂದೊಂದು ಪಾಲಿಗೆ ಹದಿಮೂರೂವರೆ ದಿನ. ಆದ್ದರಿಂದ ಭರಣಿ ಪ್ರತಿವರ್ಷವೂ ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗೆ, ರೋಹಿಣಿ ಮೇ ಕೊನೆಗೆ, ಮೃಗಶಿರಾ ಜೂನ್ ಎರಡನೆಯ ವಾರಕ್ಕೆ ಬರುತ್ತವೆ. ಇದು ಋತುಗಳನ್ನು ಅಳೆಯುವ ಕ್ಯಾಲೆಂಡರೇ ಸರಿ. ಮಳೆ ಬಂದೇ ತೀರುತ್ತದೆ ಎಂಬ ಭರವಸೆಯನ್ನು ಮಾತ್ರ ಅದು ಕೊಡಲಾರದು.

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಗುಡುಗಿನೊಂದಿಗೆ ಸುರಿದು, ಜೂನ್, ಜುಲೈಗಳಲ್ಲಿ ಜಿಟಿಜಿಟಿಯಾಗಿ, ಸೆಪ್ಟೆಂಬರ್ ಸುಮಾರಿಗೆ ಮತ್ತೆ ಜೋರಾಗುತ್ತದೆ. ಜನವರಿ, ಫೆಬ್ರುವರಿ ಬಹುತೇಕ ಒಣ ತಿಂಗಳುಗಳು. ನಾಗಸಂದ್ರದ ಕೈತೋಟಕ್ಕೆ ಇದರಿಂದ ಸಿಗುವ ವೇಳಾಪಟ್ಟಿ ಸರಳವಾದದ್ದು.

ಭರಣಿ, ಕೃತ್ತಿಕೆಯ ಮಳೆಗೆ ಮಣ್ಣು ಹದ ಮಾಡಿಕೊಳ್ಳುವುದು. ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಬೆಂಡೆ, ಬದನೆ, ಮೆಣಸಿನಕಾಯಿ, ಹೀರೆ, ಸೋರೆ, ಹಾಗಲ, ಪಡವಲ, ಸೀಮೆಬದನೆ, ಬಸಳೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಹೂಕೋಸು, ಮೆಂತ್ಯ, ಕೊತ್ತಂಬರಿ. ಇವು ತಂಪು ಬಯಸುವ ಜಾತಿ. ಬಿಸಿಲೇರಿದರೆ ಕೊತ್ತಂಬರಿ ಸೊಪ್ಪು ತುಂಬುವ ಮೊದಲೇ ಹೂಕಾಂಡ ಎತ್ತಿಬಿಡುತ್ತದೆ. ಹುರುಳಿಕಾಯಿ, ದಂಟು, ಹರಿವೆಗಳನ್ನು ಎರಡೂ ಸಲ ಬಿತ್ತಬಹುದು. ಟೊಮೆಟೊ ಮಳೆಯಲ್ಲೂ ಬರುತ್ತದೆ. ಆದರೆ ಎಲೆ ಸದಾ ತೊಯ್ದಿದ್ದರೆ ಅಂಗಮಾರಿ ರೋಗ ಬೇಗ ಅಂಟುವುದರಿಂದ ಹಿಂಗಾರಿನ ನಾಟಿಯೇ ಹೊಸಬರಿಗೆ ಮೇಲು.

ಬೀದಿ ದೀಪವೂ ಅವರೆಯೂ

ಈ ಪಟ್ಟಿಯಲ್ಲಿ ಅವರೆ ಬಂದಿಲ್ಲ. ಅದರ ಕಥೆಯೇ ಬೇರೆ. ಜೂನ್, ಜುಲೈನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ ತಿಂಗಳುಗಟ್ಟಲೆ ಸುಮ್ಮನೆ ಬೆಳೆಯುತ್ತದೆ. ಹೂ ಬಿಡುವುದು ನವೆಂಬರ್ ಸುಮಾರಿಗೆ, ಸೊಗಡಿನ ಕಾಯಿ ಕೈಗೆ ಬರುವುದು ಡಿಸೆಂಬರ್, ಜನವರಿಗೆ. ಒಂದು ತಿಂಗಳು ಮೊದಲೇ ಬಿತ್ತಿದರೂ ಅದು ಅವಸರ ಮಾಡುವುದಿಲ್ಲ.

ಕಾರಣ ಚಳಿಯಷ್ಟೇ ಅಲ್ಲ, ಹಗಲಿನ ಉದ್ದ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಜೂನ್ 21ರ ಹಗಲು ಹದಿಮೂರು ಗಂಟೆಗೆ ಕೊಂಚ ಕಡಿಮೆ. ಡಿಸೆಂಬರ್ 21ರ ಹಗಲು ಹನ್ನೊಂದೂವರೆ ಗಂಟೆಗೆ ಕೊಂಚ ಕಡಿಮೆ. ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಮನುಷ್ಯರು ಅಷ್ಟಾಗಿ ಗಮನಿಸುವುದಿಲ್ಲ, ಅವರೆ ಗಮನಿಸುತ್ತದೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು, ಸೋಯಾ ಗಿಡಗಳನ್ನು ಕತ್ತಲೆ ಕೋಣೆಗೆ ಸಾಗಿಸಿ, ಹಗಲನ್ನು ಕೃತಕವಾಗಿ ಮೊಟಕುಗೊಳಿಸಿ, ಈ ಗುಣವನ್ನು 1920ರಲ್ಲಿ ಜಗತ್ತಿಗೆ ತಿಳಿಸಿದರು. ಗಿಡ ಅಳೆಯುವುದು ಬೆಳಕನ್ನಲ್ಲ, ತುಂಡಾಗದ ಕತ್ತಲೆಯನ್ನು ಎಂಬುದು ಆಮೇಲಿನ ಪ್ರಯೋಗಗಳಿಂದ ತಿಳಿಯಿತು. ಆದ್ದರಿಂದಲೇ ಬೀದಿ ದೀಪದ ಬೆಳಕು ರಾತ್ರಿಯಿಡೀ ನೇರವಾಗಿ ಬೀಳುವ ಮೂಲೆಯಲ್ಲಿ ನಾಟಿ ಅವರೆ ಹೂ ಬಿಡಲು ತಡಮಾಡಬಹುದು. ಒಂದೇ ದಿನ ಬಿತ್ತಿದ ಎರಡು ಗಿಡಗಳಲ್ಲಿ ಒಂದನ್ನು ದೀಪದ ಬೆಳಕಿನಲ್ಲೂ ಇನ್ನೊಂದನ್ನು ಕತ್ತಲೆಯಲ್ಲೂ ಇಟ್ಟು ಮೊದಲ ಹೂವಿನ ದಿನ ಬರೆದಿಟ್ಟುಕೊಂಡರೆ, ಪ್ರೌಢಶಾಲೆಯ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇರೆ ಸಿಗದು.

ಕಾಯಲು ವ್ಯವಧಾನವಿಲ್ಲದವರಿಗೂ ದಾರಿಯಿದೆ. 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ-4 ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲೂ ಹೂ ಬಿಡುವ ತಳಿ.

ಹೆಸರಘಟ್ಟದ ಹಾದಿಯಲ್ಲಿ

ನಾಗಸಂದ್ರಕ್ಕೆ ಹತ್ತಿರದ ಎಂಟನೇ ಮೈಲಿಯಿಂದ ಒಂದು ರಸ್ತೆ ಹೆಸರಘಟ್ಟಕ್ಕೆ ಹೊರಡುತ್ತದೆ. ಅರ್ಕಾವತಿ ನದಿಗೆ ಅಡ್ಡಲಾಗಿ 1894ರಲ್ಲಿ ಅಲ್ಲಿ ಕಟ್ಟಿದ ಕೆರೆಯಿಂದಲೇ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯಲ್ಲಿ ನೀರು ಹರಿಯಿತು. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 1967ರಿಂದ ಅದೇ ಊರಿನಲ್ಲಿದೆ. ಅದರ ತಳಿಗಳ ಹೆಸರು 'ಅರ್ಕಾ' ಎಂದು ಆರಂಭವಾಗುತ್ತದೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಮತ್ತೆ ಮತ್ತೆ ಕುಯ್ಯಬಹುದಾದ ದಂಟಿನಲ್ಲಿ ಅರ್ಕಾ ಸುಗುಣ, ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಟೊಮೆಟೊದಲ್ಲಿ ಅರ್ಕಾ ರಕ್ಷಕ್. ಕೊನೆಯದು ಮಿಶ್ರತಳಿ. ಅದರ ಹಣ್ಣಿನ ಬೀಜ ಬಿತ್ತಿದರೆ ತಾಯಿಯಂತೆ ಮಕ್ಕಳು ಹುಟ್ಟುವುದಿಲ್ಲ. ಮೆಂಡಲನ ಪಾಠ ಓದಿದವರಿಗೆ ಕಾರಣ ಹೊಳೆದೀತು. ಬೀಜ ಎತ್ತಿಟ್ಟುಕೊಳ್ಳುವ ಆಸೆಯಿದ್ದರೆ ಮಿಶ್ರತಳಿಯಲ್ಲದ ಬೀಜವನ್ನೇ ಕೇಳಿ ಕೊಳ್ಳಬೇಕು.

ಬಿತ್ತುವ ಬಗೆ

ಕಟ್ಟಡದ ಪಕ್ಕದ ಮಣ್ಣಿನಲ್ಲಿ ಸಿಮೆಂಟು, ಸುಣ್ಣದ ಚೂರು ಬೆರೆತಿರುತ್ತದೆ. ಅದನ್ನು ಬಳಸದಿರುವುದೇ ಲೇಸು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಇವು ಸಮಪಾಲು ಸೇರಿದರೆ ಕುಂಡಕ್ಕೆ ಹಗುರವಾದ ಮಿಶ್ರಣವಾಗುತ್ತದೆ. ಬರೀ ಒದ್ದೆ ಮಣ್ಣಾದರೆ ಒಂದು ಘನ ಅಡಿಗೆ 45ರಿಂದ 50 ಕಿಲೊ ಭಾರ. ಹಾಗಾಗಿ ಭಾರದ ಡ್ರಮ್ಮುಗಳನ್ನು ತಾರಸಿಯ ನಡುವೆ ಗುಂಪಾಗಿಡದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಇಡಬೇಕು.

ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಊರಿದರೆ ಸಾಕು. ದಂಟಿನಂಥ ಸಣ್ಣ ಬೀಜವನ್ನು ಮರಳಿನೊಂದಿಗೆ ಕಲಸಿ ಎರಚುವುದು ರೂಢಿ. ಬೆಂಡೆಯನ್ನು ರಾತ್ರಿ ನೆನೆಹಾಕಬೇಕು. ಕೊತ್ತಂಬರಿ ಬೀಜವೆಂದು ಕರೆಯುವುದು ನಿಜವಾಗಿ ಎರಡು ಬೀಜಗಳಿರುವ ಕಾಯಿ; ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಸೀಮೆಬದನೆಯ ಬೀಜ ಕಾಯಿಯೊಳಗೇ ಮೊಳೆಯುವುದರಿಂದ ಮೊಳಕೆ ಬಂದ ಇಡೀ ಕಾಯನ್ನೇ ನೆಡುವುದು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಮೊದಲು ಸಸಿಮಡಿ. ನಾಲ್ಕೈದು ವಾರದ ಸಸಿಯನ್ನು ಸಂಜೆ ಹೊತ್ತು ನಾಟಿ ಮಾಡಿದರೆ ರಾತ್ರಿಯ ತಂಪಿನಲ್ಲಿ ಬೇರು ಚೇತರಿಸಿಕೊಳ್ಳುತ್ತದೆ. ಮೂಲಂಗಿ, ಕ್ಯಾರೆಟ್‌ಗಳನ್ನು ಕಿತ್ತು ನೆಡಬಾರದು. ತಾಯಿಬೇರು ಕವಲೊಡೆದರೆ ಗೆಡ್ಡೆ ವಿಕಾರವಾಗುತ್ತದೆ.

ಬಳ್ಳಿಯಲ್ಲಿ ಹೂವಿದ್ದೂ ಕಾಯಿ ಉದುರುತ್ತಿದ್ದರೆ ಗೊಬ್ಬರವನ್ನು ದೂರುವ ಮೊದಲು ಪರಾಗವಾಗಿದೆಯೇ ಎಂದು ನೋಡಬೇಕು. ಬುಡದಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು ಹೂವು, ಬರಿಯ ತೊಟ್ಟಿರುವುದು ಗಂಡು. ಕುಂಬಳದ ಹೂ ಬೆಳಗಿನ ಜಾವ, ಸೋರೆ, ಹೀರೆಗಳ ಹೂ ಸಂಜೆ ಅರಳುತ್ತವೆ. ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ತಾಕಿಸುವ ಕೆಲಸವನ್ನು ಶಾಲೆಯಿಂದ ಬಂದ ಮಗುವೂ ಮಾಡಬಹುದು.

ನೀರಿನ ವಿಚಾರದಲ್ಲಿ ಈ ಭಾಗದವರು ಇನ್ನೊಂದು ಎಚ್ಚರ ವಹಿಸಬೇಕು. ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವೆಡೆ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಸೊಪ್ಪುಗಳು ಇಂಥ ಲೋಹಗಳನ್ನು ಹೀರಿಕೊಳ್ಳಬಲ್ಲವು. ತೊಳೆದರೆ ಅವು ಹೋಗುವುದಿಲ್ಲ. ಕೊಳವೆ ಬಾವಿಯ ನೀರು ಬಳಸುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಳೆಯ ನೀರೇ ಹೆಚ್ಚು ನಂಬಿಕಸ್ಥ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್. ಅದರಲ್ಲಿ ಅರ್ಧ ಹಿಡಿದಿಟ್ಟರೂ ಮೂವತ್ತು ಕುಂಡಕ್ಕೆ ಹದಿನೈದು ದಿನ ಬಂತು. ಅಕ್ಕಿ, ತರಕಾರಿ ತೊಳೆದ ನೀರೂ ವ್ಯರ್ಥವಾಗಬೇಕಿಲ್ಲ.

ಇನ್ನು ಫೆಬ್ರುವರಿಯಿಂದ ಏಪ್ರಿಲ್? ಹಿಂಗಾರಿನ ಕೊನೆಯ ಫಸಲು ಕುಯ್ದ ಮೇಲೆ ಹೆಚ್ಚಿನ ಕುಂಡಗಳಿಗೆ ಬಿಡುವು ಕೊಡುವುದೇ ಸರಿ. ಒಣಗಿದ ಎಲೆ, ಅಡಿಗೆಮನೆಯ ಸಿಪ್ಪೆಗಳನ್ನು ಮಣ್ಣಿನ ಮೇಲೆ ಹೊದಿಸಿಟ್ಟರೆ ಮಳೆಗಾಲದ ಹೊತ್ತಿಗೆ ಕಳಿತು ಗೊಬ್ಬರವಾಗುತ್ತವೆ. ಅಡಿಗೆಮನೆಯ ತೊಳೆದ ನೀರು ಸಾಲುವಷ್ಟು ಎರಡು ಮೂರು ಕುಂಡಗಳಲ್ಲಿ ದಂಟು, ಹರಿವೆ ಉಳಿದರೆ ಸಾಕು. ಏಪ್ರಿಲ್ ಕೊನೆಯ ಒಂದು ಸಂಜೆ ತುಮಕೂರಿನ ಕಡೆಯಿಂದ ಮೋಡ ಕವಿದು, ತಾರಸಿಯ ಮೇಲೆ ಮೊದಲ ದಪ್ಪ ಹನಿಗಳು ಬಿದ್ದಾಗ, ಪೊಟ್ಟಣ ಹಿಡಿದು ಕಾದಿದ್ದ ಮೊಮ್ಮಗಳು ಅಜ್ಜಿಯನ್ನು ಕೂಗಬಹುದು. ಭರಣಿ ಹುಯ್ಯುತ್ತಿದೆ, ಇನ್ನು ಮಣ್ಣು ಹದ ಮಾಡುವ ಕೆಲಸ.