ಯಂತ್ರದ ಜೀರ್ಣೋದ್ಧಾರ

ಹಳೆಯ ದೇಗುಲವನ್ನು ಕೆಡವಿ ಹೊಸದನ್ನು ಕಟ್ಟದೆ, ಇದ್ದುದನ್ನೇ ಬಲಪಡಿಸುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಲಾರಿಯ ಎಂಜಿನಿಗೂ ಈ ಮಾತು ಸಲ್ಲುವುದೇ ಎಂಬ ಪ್ರಶ್ನೆ ಕೆಂಗೇರಿಯ ಗೃಹಸ್ಥರೊಬ್ಬರ ಮನೆಯಲ್ಲಿ ಎದ್ದಿತು. ಅವರ ತಂದೆಯವರ ಕಾಲದಲ್ಲಿ ಸಂಸಾರವನ್ನು ಸಾಕಿದ ಆ ಲಾರಿ ಟಾಟಾ-ಮರ್ಸಿಡಿಸ್-ಬೆಂಝ್. 1954ರಲ್ಲಿ ಟೆಲ್ಕೋ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಝ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಇಂಥವನ್ನು ತಯಾರಿಸತೊಡಗಿತು. ಆ ಸಹಯೋಗ 1969ರಲ್ಲಿ ಮುಗಿಯಿತು.

ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಒತ್ತಲ್ಪಟ್ಟ ಗಾಳಿಯ ಬಿಸಿಯೇ ಇಂಧನವನ್ನು ಹೊತ್ತಿಸಬೇಕು. ಸಿಲಿಂಡರು ಸವೆದರೆ ಒತ್ತಡ ಸೋರುತ್ತದೆ, ಬೆಳಗಿನ ಚಳಿಯಲ್ಲಿ ಯಂತ್ರ ಮೊಂಡುಹಿಡಿಯುತ್ತದೆ, ಒಳಗಿನ ಎಣ್ಣೆ ಸುಟ್ಟು ನೀಲಿ ಹೊಗೆಯಾಗುತ್ತದೆ. ಈ ಲಕ್ಷಣಗಳೆಲ್ಲವೂ ಅಲ್ಲಿದ್ದುವು.

ಬೇರೆ ಎಂಜಿನನ್ನು ತಂದು ಕೂರಿಸಿದರೆ ನಾಲ್ಕು ದಿನದ ಕೆಲಸವೆಂದು ಮಗನ ವಾದ. ದುಡಿಯದ ಲಾರಿಗೆ ಮಗಳ ಓದಿಗಾಗಿ ಕೂಡಿಟ್ಟ ಹಣವೇಕೆ ಎಂದು ಮನೆಯಾಕೆಯ ಪ್ರಶ್ನೆ. ಎರಡರಲ್ಲಿಯೂ ನ್ಯಾಯವಿತ್ತು. ಆದರೆ ಮಗನೆಂದಷ್ಟು ಅದು ಸುಲಭವಲ್ಲ. ಬೇರೆ ಜಾತಿಯ ಎಂಜಿನು ಬಂದರೆ ಗೇರುಪೆಟ್ಟಿಗೆ, ರೇಡಿಯೇಟರು, ಆಧಾರದ ಕಂಬಿಗಳು ಒಂದೊಂದಾಗಿ ಬದಲಾವಣೆಯನ್ನು ಬೇಡುತ್ತವೆ. ಎಂಜಿನಿನ ಸಂಖ್ಯೆ ನೋಂದಣಿ ಪತ್ರದಲ್ಲಿರುವುದರಿಂದ 1988ರ ಮೋಟಾರು ವಾಹನ ಕಾಯಿದೆಯಂತೆ ಅಧಿಕಾರಿಗಳ ಒಪ್ಪಿಗೆಯೂ ಬೇಕು.

ಬಿಚ್ಚಿ ನೋಡದೆ ತೀರ್ಪು ಹೇಳಲಾಗದೆಂದು ಮೇಸ್ತ್ರಿ ಸುಮ್ಮನಾದನು. ಎಂಜಿನನ್ನು ಇಳಿಸಿ ಕಾಮಾಕ್ಷಿಪಾಳ್ಯದ ಲೇತಿನ ಅಂಗಡಿಗೆ ಸಾಗಿಸಿದರು. ಪಿಸ್ಟನ್ನು ಮೇಲೇರಿ ಹಿಂದಿರುಗುವ ಎಡೆಯಲ್ಲಿ ಬಿಸಿ ಹೆಚ್ಚು, ಎಣ್ಣೆಯ ಪೊರೆ ತೆಳು. ಸವೆತವೂ ಅಲ್ಲಿಯೇ ಅಧಿಕ. ಆದುದರಿಂದ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದನು. ಸವೆದುದನ್ನು ಕೊರೆದು ದಪ್ಪ ಪಿಸ್ಟನ್ನು ಹಾಕಬಹುದು, ಇಲ್ಲವೆ ಹೊಸ ಸ್ಲೀವು ತೊಡಿಸಬಹುದು. ಕ್ರ್ಯಾಂಕನ್ನು ಉಜ್ಜಿ ಅದಕ್ಕೆ ತಕ್ಕ ಬೇರಿಂಗು ಕೂರಿಸಬಹುದು. ಬ್ಲಾಕು ಮಾತ್ರ ಬಿರಿದಿರಬಾರದು. ಭಗ್ನವಾದ ಮೂರ್ತಿಗೆ ಪೂಜೆ ಸಲ್ಲದಷ್ಟೆ. ನೀರಿನ ಒತ್ತಡವಿಟ್ಟು ಪರೀಕ್ಷಿಸಿದಾಗ ಎಲ್ಲಿಯೂ ಜಿನುಗಲಿಲ್ಲ.

ಹಳೆಯ ಎಂಜಿನನ್ನೇ ಸರಿಪಡಿಸುವುದೆಂದು ತೀರ್ಮಾನವಾಯಿತು. ಮಗಳ ಹಣವನ್ನು ಮುಟ್ಟುವುದಿಲ್ಲವೆಂದೂ ಆಯಿತು. ಕೈಯಲ್ಲಿದ್ದುದು ಬ್ಲಾಕಿನ ಕೆಲಸಕ್ಕೆ ಮಾತ್ರ ಸಾಲುತ್ತಿತ್ತು. ಉಳಿದ ಭಾಗಗಳು ಎಣ್ಣೆ ಸವರಿಸಿಕೊಂಡು, ಬಟ್ಟೆ ಸುತ್ತಿಸಿಕೊಂಡು ಕೊಟ್ಟಿಗೆಯಲ್ಲಿ ಕಾದಿವೆ.

ಹಳೆಯದೆಂಬ ಮೋಹ ಬಿರುಕನ್ನು ಮುಚ್ಚಲಾರದು. ಹೊಸದರ ಆತುರ ಗಟ್ಟಿಯಾದುದನ್ನೂ ಗುಜರಿಗೆ ಹಾಕೀತು. ಎರಡನ್ನೂ ತಡೆಯುವುದು ಅಳತೆಗೋಲು. ಅದು ಯಂತ್ರಕ್ಕೆಷ್ಟು ಬೇಕೋ ಮನೆಯ ಹಣದ ಪೆಟ್ಟಿಗೆಗೂ ಅಷ್ಟೇ ಬೇಕು. ದೇಗುಲಗಳ ಜೀರ್ಣೋದ್ಧಾರವೂ ಒಂದೇ ವರ್ಷದಲ್ಲಿ ಮುಗಿಯುವುದು ಅಪರೂಪ.